ಮಕ್ಕಳ ಚಿತ್ರಸ್ಪರ್ಧೆ: ತೀರ್ಪಿಗೆ ಯಾವ ವಿಧಾನ ಆರಿಸಿಕೊಳ್ಳಬೇಕು?

ಗಣಪತಿ ಹಬ್ಬದಿಂದ ನವೆಂಬರ್ 14ರ ಮಕ್ಕಳ ದಿನಾಚರಣೆಯವರೆಗೆ ನಮ್ಮ ಕಡೆ ಚಿತ್ರಸ್ಪರ್ಧೆಗಳ ಕಾಲ. ಶಿವಮೊಗ್ಗದ ಬಡಾವಣೆಯ ಸಂಘ ಒಂದು ಇಡುತ್ತದೆ. ತೀರ್ಥಹಳ್ಳಿಯ ಗಣಪತಿ ಸಮಿತಿ ಇನ್ನೊಂದು. ಹೊಸನಗರದ ಕಾಡಂಚಿನ ಶಾಲೆಯಲ್ಲೂ ಒಂದು ಇರುತ್ತದೆ. ಡ್ರಾಯಿಂಗ್ ಶೀಟ್ ಯಾರು ತರಬೇಕು, ಬಹುಮಾನಕ್ಕೆ ಸ್ಟೀಲ್ ಡಬ್ಬವೋ ಪುಸ್ತಕವೋ, ಮುಖ್ಯ ಅತಿಥಿ ಯಾರು ಎಂಬುದೆಲ್ಲ ವಾರ ಮುಂಚೆಯೇ ತೀರ್ಮಾನವಾಗಿರುತ್ತದೆ. ತೀರ್ಪು ಹೇಗೆ ಕೊಡುವುದು ಎಂಬ ಮಾತು ಮಾತ್ರ ಚಿತ್ರಗಳೆಲ್ಲ ಮೇಜಿಗೆ ಬಂದ ಮೇಲೆ ಏಳುತ್ತದೆ. ಅಷ್ಟೊತ್ತಿಗೆ ತಡವಾಗಿರುತ್ತದೆ.

ತೀರ್ಪುಗಾರರು ಒಳ್ಳೆಯವರಾದರೆ ಸಾಕು ಎಂದು ತುಂಬಾ ಜನ ನಂಬಿದ್ದಾರೆ. ನಾನು ನಂಬುವುದಿಲ್ಲ. ಪ್ರಾಮಾಣಿಕರು ಮೂವರು ಕೂತರೂ ವಿಧಾನ ಸರಿ ಇಲ್ಲದಿದ್ದರೆ ಅರ್ಹ ಮಗುವಿನ ಕೈತಪ್ಪಿ ಬಹುಮಾನ ಇನ್ನೊಬ್ಬರಿಗೆ ಹೋಗುತ್ತದೆ. ಅದಕ್ಕೇ ಬಳಕೆಯಲ್ಲಿರುವ ವಿಧಾನಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಶಾಲೆಯವರು, ಎಸ್‌ಡಿಎಂಸಿಯವರು (ಶಾಲೆಯ ಅಭಿವೃದ್ಧಿ ಸಮಿತಿಯವರು), ಸಂಘದವರು ತಮಗೆ ಹೊಂದುವುದನ್ನು ಆರಿಸಿಕೊಳ್ಳಬಹುದು.

ಮೊದಲು ವಯಸ್ಸು

ಯಾವ ವಿಧಾನ ಎಂದು ಕೇಳುವ ಮುಂಚೆ ಯಾವ ವಯಸ್ಸಿನ ಮಕ್ಕಳು ಎಂದು ಕೇಳಿಕೊಳ್ಳಿ. 1ರಿಂದ 4ನೇ ತರಗತಿ ಒಂದು ಗುಂಪು ಎಂದು ಮಾಡುವುದು ನಮ್ಮಲ್ಲಿ ರೂಢಿ. ಶಿಕ್ಷಣ ಇಲಾಖೆ ಶಾಲಾಮಕ್ಕಳಿಗೆ ನಡೆಸುವ ಪ್ರತಿಭಾ ಕಾರಂಜಿ ಸ್ಪರ್ಧೆಯ ಕಿರಿಯ ವಿಭಾಗವನ್ನು ನೋಡಿ ಬಂದ ಅಭ್ಯಾಸ ಅದು. ಹಾಡು, ಕಥೆ ಹೇಳುವುದಕ್ಕೆ ಅದು ಹೇಗೋ ನಡೆಯುತ್ತದೆ. ಚಿತ್ರಕ್ಕೆ ಮಾತ್ರ ನಡೆಯುವುದೇ ಇಲ್ಲ.

ಮಕ್ಕಳ ಚಿತ್ರಗಳು ವಯಸ್ಸಿನ ಜೊತೆ ಹೇಗೆ ಬದಲಾಗುತ್ತವೆ ಎಂಬುದನ್ನು ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಕರು 1947ರಲ್ಲೇ ಹಂತ ಹಂತವಾಗಿ ವಿವರಿಸಿದ್ದಾರೆ. 4ರಿಂದ 7 ವರ್ಷದ ಮಗು ಬರೆದ ಚಿತ್ರದಲ್ಲಿ ಮನೆ, ಮರ, ಅಮ್ಮ ಎಲ್ಲ ಹಾಳೆಯ ಮೇಲೆ ತೇಲುತ್ತಿರುತ್ತವೆ. 7ರ ಹೊತ್ತಿಗೆ ಕೆಳಗೆ ಒಂದು ನೆಲದ ಗೆರೆ ಬರುತ್ತದೆ, ಎಲ್ಲವೂ ಅದರ ಮೇಲೆ ನಿಲ್ಲುತ್ತವೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಲೆಕ್ಕ ಸುಮಾರು 9ರ ನಂತರವೇ ನಿಧಾನಕ್ಕೆ ಬರುವುದು. ಅಂದರೆ ಒಂದನೇ ಕ್ಲಾಸಿನ ಮಗುವನ್ನೂ ನಾಲ್ಕನೇ ಕ್ಲಾಸಿನ ಮಗುವನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ನಾವು ಅಳೆಯುವುದು ಚಿತ್ರವನ್ನಲ್ಲ, ಹುಟ್ಟಿದ ತಾರೀಖನ್ನು.

ಇನ್ನೊಂದು ವಿಷಯ. ಗೋಡೆಯೊಳಗಿನ ಒಲೆ, ಕೊಟ್ಟಿಗೆಯೊಳಗಿನ ಕರು ಹೊರಗಿನಿಂದಲೇ ಕಾಣುವ ಹಾಗೆ ಮಕ್ಕಳು ಬರೆಯುತ್ತಾರೆ. ಮನೆಗಿಂತ ದೊಡ್ಡ ಹಲಸಿನಹಣ್ಣು ಬರೆಯುತ್ತಾರೆ, ಯಾಕೆಂದರೆ ಆ ದಿನ ಆ ಮಗುವಿಗೆ ಮುಖ್ಯವಾದದ್ದು ಹಲಸಿನಹಣ್ಣೇ. ಲೋವೆನ್‌ಫೆಲ್ಡ್ ಪ್ರಕಾರ ಇವೆರಡೂ ಆ ವಯಸ್ಸಿನ ಸಹಜ ನೋಟ. ಇದನ್ನು "ಪ್ರಮಾಣ ತಪ್ಪಿದೆ" ಎಂದು ಬದಿಗಿಡುವ ತೀರ್ಪುಗಾರರು ಚಿಕ್ಕ ಮಕ್ಕಳ ವಿಭಾಗದಲ್ಲಿ ಕೂರಬಾರದು. ಅವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ.

ಗುಂಪು ಮಾಡುವುದಾದರೆ 1-2, 3-4, 5-7, ಹೈಸ್ಕೂಲು ಎಂದು ಮಾಡಿ. ಚಿತ್ರಗಳು ಕಡಿಮೆ ಬಂದರೂ ಪರವಾಗಿಲ್ಲ.

ಅತಿ ಚಿಕ್ಕವರಿಗೆ ಸ್ಥಾನ ಬೇಕಾ?

ಬೇಡ ಎಂಬುದು ನನ್ನ ಅಭಿಪ್ರಾಯ. ಸುಮ್ನೆ ಭಾವುಕನಾಗಿ ಹೇಳುತ್ತಿಲ್ಲ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರೂ ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳೇ. ಕೆಲವರಿಗೆ "ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಪ್ರಶಸ್ತಿಯ ಆಸೆ ತೋರಿಸಿದ್ದ ಮಕ್ಕಳು ತಾವಾಗಿಯೇ ಚಿತ್ರ ಬರೆಯುತ್ತಿದ್ದ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಮನಶ್ಶಾಸ್ತ್ರಜ್ಞೆ ತೆರೆಸಾ ಅಮಾಬಿಲೆ 1982ರಲ್ಲಿ 7ರಿಂದ 11 ವರ್ಷದ ಹುಡುಗಿಯರಿಂದ ಬಣ್ಣದ ಕಾಗದ ಅಂಟಿಸಿ ಚಿತ್ರ ಮಾಡಿಸಿದರು. ಬಹುಮಾನಕ್ಕಾಗಿ ಪೈಪೋಟಿಯಲ್ಲಿದ್ದ ಹುಡುಗಿಯರ ಚಿತ್ರಗಳಲ್ಲಿ ಹೊಸತನ ಕಡಿಮೆ ಇತ್ತು. ಬಹುಮಾನವನ್ನು ಲಾಟರಿ ಎತ್ತಿ ಕೊಡುತ್ತೇವೆ ಎಂದಿದ್ದ ಗುಂಪು ಇದಕ್ಕಿಂತ ಚೆನ್ನಾಗಿ ಮಾಡಿತ್ತು.

ಹಾಗಾಗಿ ಎರಡನೇ ತರಗತಿಯವರೆಗೆ ಪ್ರಥಮ, ದ್ವಿತೀಯ ಬಿಟ್ಟುಬಿಡಿ. ಎಲ್ಲರ ಚಿತ್ರವನ್ನೂ ಗೋಡೆಗೆ ಅಂಟಿಸಿ, ಎಲ್ಲರಿಗೂ ಒಂದು ಪೆನ್ಸಿಲ್ಲೋ ಬಣ್ಣದ ಪೆಟ್ಟಿಗೆಯೋ ಕೊಡಿ. ಪ್ರತಿ ಚಿತ್ರದ ಹಿಂದೆ ಒಂದು ಸಾಲು ಬರೆದುಕೊಡಿ. "ಮಳೆ ಗೆರೆಗಳನ್ನು ಓರೆಯಾಗಿ ಹಾಕಿದ್ದೀಯ, ಗಾಳಿ ಇದೆ ಎಂದು ಗೊತ್ತಾಗುತ್ತೆ" ಅಂತ. ಮಗು ಆ ಸಾಲನ್ನು ಮನೆಯವರ ಹತ್ತಿರ ಓದಿಸಿಕೊಳ್ಳುತ್ತದೆ.

ಅಂಕಪಟ್ಟಿಯೋ, ಸ್ಥಾನವೋ?

ದೊಡ್ಡ ಮಕ್ಕಳ ವಿಭಾಗದಲ್ಲಿ ನಿಜವಾದ ಆಯ್ಕೆ ಇರುವುದು ಇಲ್ಲಿ. ಹೆಚ್ಚಿನ ಕಡೆ ಅಂಕಪಟ್ಟಿಯನ್ನೇ ಬಳಸುತ್ತಾರೆ. ವಿಷಯ 5, ಕಲ್ಪನೆ 5, ಬಣ್ಣ 5, ಅಚ್ಚುಕಟ್ಟು 5, ಒಟ್ಟು 20. ಮೂವರ ಅಂಕ ಕೂಡಿಸಿ ಹೆಚ್ಚು ಬಂದವರಿಗೆ ಪ್ರಥಮ. ನೋಡಲು ತುಂಬಾ ಶಿಸ್ತಾಗಿದೆ, ಪೋಷಕರು ಕೇಳಿದರೆ ತೋರಿಸಲೂ ಬರುತ್ತದೆ. ಅದರ ಒಳಗೆ ಎರಡು ತೊಂದರೆಗಳಿವೆ.

ಒಂದು, ಕಾಲಂಗಳು ಬೇರೆ ಬೇರೆಯಾಗಿ ಉಳಿಯುವುದಿಲ್ಲ. ತೀರ್ಪುಗಾರರಿಗೆ ಚಿತ್ರ ಒಟ್ಟಾರೆ ಹಿಡಿಸಿದರೆ ಬಣ್ಣಕ್ಕೂ 4, ಕಲ್ಪನೆಗೂ 4, ಅಚ್ಚುಕಟ್ಟಿಗೂ 4. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಇದೇ ಗುಣವನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದರು. ಮೈಕಟ್ಟಿಗೆ ಜಾಸ್ತಿ ಕೊಟ್ಟವರು ಬುದ್ಧಿಗೂ ನಡತೆಗೂ ಜಾಸ್ತಿ ಕೊಟ್ಟಿದ್ದರು. ನಾಲ್ಕು ಕಾಲಂ ಇದ್ದರೂ ಒಂದೇ ಅಭಿಪ್ರಾಯ ನಾಲ್ಕು ಸಲ ಬರೆದ ಹಾಗಾಗುತ್ತದೆ.

ಎರಡನೆಯದು ಇನ್ನೂ ದೊಡ್ಡದು, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬರು ಅಂಕವನ್ನು 8ರಿಂದ 19ರವರೆಗೆ ಧಾರಾಳವಾಗಿ ಹರಡಿ ಕೊಡುತ್ತಾರೆ. ಇನ್ನಿಬ್ಬರು ಎಲ್ಲರಿಗೂ 13, 14, 15. ಈಗ ಎರಡು ಚಿತ್ರ ತೆಗೆದುಕೊಳ್ಳಿ. ಮೊದಲ ಚಿತ್ರಕ್ಕೆ ಮೂವರು ಕೊಟ್ಟದ್ದು 18, 14, 14. ಎರಡನೆಯದಕ್ಕೆ 11, 15, 15. ಕೂಡಿಸಿದರೆ ಮೊದಲನೆಯದಕ್ಕೆ 46, ಎರಡನೆಯದಕ್ಕೆ 41. ಮೊದಲ ಚಿತ್ರ ಗೆದ್ದಿತು. ಆದರೆ ಮೂವರಲ್ಲಿ ಇಬ್ಬರ ಪ್ರಕಾರ ಎರಡನೆಯದೇ ಮೇಲು! ಅಂಕ ಹರಡಿ ಕೊಟ್ಟ ಒಬ್ಬರ ಮಾತು ಇಬ್ಬರ ಮಾತನ್ನು ನುಂಗಿತು. ಯಾರೂ ಮೋಸ ಮಾಡಲಿಲ್ಲ. ಕೂಡಿಸಿದ್ದೂ ಸರಿಯೇ. ಆದರೂ ಒಂದು ಮಗುವಿಗೆ ಅನ್ಯಾಯವಾಯಿತು, ಅಲ್ವಾ?

ಸ್ಥಾನದ ವಿಧಾನದಲ್ಲಿ ಈ ತೊಂದರೆ ಇಲ್ಲ. ಪ್ರತಿ ತೀರ್ಪುಗಾರರೂ ತಮಗೆ ಮೆಚ್ಚುಗೆಯಾದ ಐದು ಚಿತ್ರಗಳನ್ನು ಒಬ್ಬರೇ ಆರಿಸಿ, ಕ್ರಮವಾಗಿ ಬರೆದುಕೊಡುತ್ತಾರೆ. ಮೊದಲನೆಯದಕ್ಕೆ 5, ಆಮೇಲೆ 4, 3, 2, 1. ಮೂರೂ ಚೀಟಿ ಕೂಡಿಸಿದರೆ ಫಲಿತಾಂಶ. ಕೈ ಬಿಗಿ ಇರುವವರಿಗೂ ಧಾರಾಳಿಗೂ ಇಲ್ಲಿ ಒಂದೇ ತೂಕ. 18ನೇ ಶತಮಾನದಲ್ಲಿ ಫ್ರಾನ್ಸಿನ ಬೋರ್ಡಾ ಎಂಬವರು ಚುನಾವಣೆಗಾಗಿ ಸೂಚಿಸಿದ ಲೆಕ್ಕ ಇದೇ ಜಾತಿಯದು.

ಇದಕ್ಕೂ ಒಂದು ದೌರ್ಬಲ್ಯ ಇದೆ. ಮನಸ್ಸಿನಲ್ಲಿ ಯಾವುದೋ ಒಂದು ಚಿತ್ರ ಗೆಲ್ಲಲಿ ಎಂದಿರುವವರು, ಅದಕ್ಕೆ ಎದುರಾಳಿಯಾದ ಚಿತ್ರವನ್ನು ತಮ್ಮ ಐದರಿಂದಲೇ ಬಿಟ್ಟುಬಿಡಬಹುದು. ಅದಕ್ಕೆ ಮದ್ದು, ಚೀಟಿಗಳನ್ನು ಸಹಿ ಮಾಡಿಸಿ ಇಟ್ಟುಕೊಳ್ಳುವುದು ಮತ್ತು ಕೇಳಿದವರಿಗೆ ತೋರಿಸುತ್ತೇವೆ ಎಂದು ಮೊದಲೇ ಹೇಳುವುದು. ಎರಡು ಚಿತ್ರಕ್ಕೆ ಸಮ ಬಂದರೆ ಹೆಚ್ಚು ಜನರ ಚೀಟಿಯಲ್ಲಿ ಇರುವುದು ಮುಂದೆ. ಆಗಲೂ ಸಮವಾದರೆ ಇಬ್ಬರಿಗೂ ಕೊಡಿ. ಚೀಟಿ ಎತ್ತಿ ಸೋಲಿಸುವುದು ಬೇಡ.

ಮಾನದಂಡವೇ ಇಲ್ಲದೆ ಸ್ಥಾನ ಕೊಟ್ಟರೆ ಮನಸ್ಸಿಗೆ ಬಂದ ಹಾಗೆ ಆಗುವುದಿಲ್ಲವೇ ಎಂದು ಕೆಲವು ಮೇಷ್ಟ್ರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮೇಲೆ ಹೇಳಿದ ಅಮಾಬಿಲೆಯವರು ತೀರ್ಪಿಗೂ ಒಂದು ಪದ್ಧತಿ ಮಾಡಿದ್ದರು. ಆ ಕಲೆಯಲ್ಲಿ ಕೈಯಾಡಿಸಿದವರನ್ನೇ ಕರೆಯುವುದು, ಮಾನದಂಡದ ಪಟ್ಟಿ ಕೊಡದಿರುವುದು, ಒಬ್ಬರೊಡನೊಬ್ಬರು ಮಾತಾಡಲು ಬಿಡದಿರುವುದು, ಚಿತ್ರಗಳನ್ನು ಕಲಸಿದ ಕ್ರಮದಲ್ಲಿ ಕೊಡುವುದು. ಹೀಗೆ ಬೇರೆ ಬೇರೆ ಕೂತು ಕೊಟ್ಟ ತೀರ್ಪುಗಳು ಸಾಕಷ್ಟು ಚೆನ್ನಾಗಿ ಹೊಂದಿಕೊಂಡವು. ಮುಖ್ಯವಾದ ಮಾತು "ಬೇರೆ ಬೇರೆ ಕೂತು" ಎಂಬುದು. ನಮ್ಮಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಾರೆ. ಹಿರಿಯರು "ಇದು ಚೆನ್ನಾಗಿದೆ" ಎಂದರೆ ಕಿರಿಯರು ಬೇರೆ ಮಾತಾಡುವುದಿಲ್ಲ. ಆಗ ಮೂವರಿದ್ದರೂ ತೀರ್ಪು ಒಬ್ಬರದೇ.

ಇಲಾಖೆಯ ನಮೂನೆಯಲ್ಲಿ ಅಂಕ ತುಂಬಲೇಬೇಕು ಎಂದಿದ್ದರೆ ದಾರಿ ಇದೆ. ಅಂಕ ಕೊಡಲಿ. ಕೂಡಿಸುವ ಮುಂಚೆ ಒಬ್ಬೊಬ್ಬರ ಅಂಕವನ್ನೂ ಸ್ಥಾನಕ್ಕೆ ಇಳಿಸಿ, ಆ ಸ್ಥಾನಗಳನ್ನು ಕೂಡಿಸಿ. "ಅಚ್ಚುಕಟ್ಟು" ಕಾಲಂ ಮಾತ್ರ ತೆಗೆದುಬಿಡಿ. ಅದು ಧೈರ್ಯವಾಗಿ ಬಣ್ಣ ಎಳೆದ ಮಗುವಿನಿಂದ ಅಂಕ ಕಿತ್ತು, ಗೆರೆ ದಾಟದ ಮಗುವಿಗೆ ಕೊಡುತ್ತದೆ.

ಉಳಿದ ವಿಧಾನಗಳು

ಎರಡೆರಡು ಚಿತ್ರ ಎದುರಿಗಿಟ್ಟು "ಇವೆರಡರಲ್ಲಿ ಯಾವುದು?" ಎಂದು ಕೇಳುವುದು ಇನ್ನೊಂದು ವಿಧಾನ. ಇದಕ್ಕೆ 1927ರಲ್ಲಿ ಲೂಯಿ ಥರ್ಸ್ಟನ್ ಒಂದು ಗಣಿತದ ತಳಹದಿ ಹಾಕಿದರು. ಕಣ್ಣಿಗೆ ಅತಿ ಸುಲಭ, ತೀರ್ಪು ಅತಿ ಸೂಕ್ಷ್ಮ. ಆದರೆ 8 ಚಿತ್ರಕ್ಕೆ 28 ಜೋಡಿ, 60 ಚಿತ್ರಕ್ಕೆ 1770 ಜೋಡಿ. ಹಾಗಾಗಿ ಕೊನೆಯ ಸುತ್ತಿಗೆ ಉಳಿದ ಏಳೆಂಟು ಚಿತ್ರಗಳಿಗೆ ಮಾತ್ರ ಬಳಸಿ.

ಸ್ಥಾನವಿಲ್ಲದೆ ಮಟ್ಟ ಮಾತ್ರ ಕೊಡುವುದೂ ಒಂದು ದಾರಿ. ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಲ್ಲಿ ಒಬ್ಬರು ಪಾಸಾಗಲು ಇನ್ನೊಬ್ಬರು ಸೋಲಬೇಕಿಲ್ಲ. ಅದೇ ರೀತಿ "ಅತ್ಯುತ್ತಮ", "ಉತ್ತಮ" ಎಂದು ಎಷ್ಟು ಚಿತ್ರಗಳಿಗಾದರೂ ಕೊಡಬಹುದು. ತಾಲೂಕಿಗೆ ಒಬ್ಬರನ್ನೇ ಕಳಿಸಬೇಕಾದಾಗ ಇದು ಉಪಯೋಗವಿಲ್ಲ. ಶಾಲೆಯ ಒಳಗಿನ ಸ್ಪರ್ಧೆಗೆ 3-4ನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಹಾಕಿ ಲೈಕ್ ಎಣಿಸುವುದು ಬೇಡವೇ ಬೇಡ. ಅಲ್ಲಿ ಗೆಲ್ಲುವುದು ನೆಂಟರ ಸಂಖ್ಯೆ. ನೆಟ್‌ವರ್ಕ್ ಸಿಗದ ಊರಿನ ಮಗು ಶುರುವಾಗುವ ಮುಂಚೆಯೇ ಸೋತಿರುತ್ತದೆ.

ಮನೆಯಲ್ಲಿ ಬರೆದು ತರುವುದೋ, ಅಲ್ಲೇ ಕೂತು ಬರೆಯುವುದೋ?

ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೆ 1949ರಲ್ಲಿ ಶುರು ಮಾಡಿದ ಮಕ್ಕಳ ಸ್ಪರ್ಧೆಗೆ ಚಿತ್ರಗಳನ್ನು ಕಳಿಸಿಕೊಡಬೇಕು. ಅವರೇ 1952ರಲ್ಲಿ ಶುರು ಮಾಡಿದ ಇನ್ನೊಂದರಲ್ಲಿ ಸ್ಥಳದಲ್ಲೇ ಕೂತು ಬರೆಯಬೇಕು. ಒಬ್ಬರೇ ಎರಡನ್ನೂ ನಡೆಸಿದ್ದಾರೆ ಎಂದರೆ ಎರಡಕ್ಕೂ ಅದರದರ ಬೆಲೆ ಇದೆ ಎಂದೇ ಅರ್ಥ. ಮನೆಯಲ್ಲಿ ಬರೆದರೆ ನಿಧಾನದ ಮಗುವಿಗೆ ಸಮಯ ಸಿಗುತ್ತದೆ. ಆದರೆ ಅಕ್ಕನ ಕೈ, ಅಪ್ಪನ ಕೈ, ಕ್ಲಾಸಿನ ಮೇಷ್ಟ್ರ ಕೈ ಸೇರುತ್ತದೆ. ಯಾರ ಕೈ ಎಂದು ಪತ್ತೆ ಮಾಡಲು ಹೊರಟರೆ ಚೆನ್ನಾಗಿ ಬರೆದ ಮಗುವಿನ ಮೇಲೇ ಅನುಮಾನ ಬೀಳುತ್ತದೆ. ಅದಕ್ಕಿಂತ ಕ್ರೂರವಾದದ್ದು ಬೇರೆ ಇಲ್ಲ. ನಮ್ಮ ಊರಿನ ಸ್ಪರ್ಧೆಗಳಿಗೆ ಸ್ಥಳದಲ್ಲೇ ಬರೆಸುವುದೇ ಮೇಲು.

ಸ್ಥಳದಲ್ಲಿ ಬರೆಸಿದರೂ ಬಾಯಿಪಾಠದ ಚಿತ್ರಗಳು ಬರುತ್ತವೆ. ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ತೆಂಗಿನ ಮರ. ನಮ್ಮ ಗುಡ್ಡಗಳು ತ್ರಿಕೋನವಾಗಿಲ್ಲ. ಮಳೆಗಾಲದಲ್ಲಿ ಸೂರ್ಯ ಕಾಣುವುದೂ ಇಲ್ಲ. ಆದರೂ ಆಗುಂಬೆ ಘಾಟಿಯ ಬುಡದ ಮಗು ಅದನ್ನೇ ಬರೆಯುತ್ತದೆ, ಯಾಕೆಂದರೆ ಬಹುಮಾನ ಬಂದದ್ದು ಅದಕ್ಕೇ. ಇದನ್ನು ಸರಿ ಮಾಡುವ ಕೀಲಿ ವಿಷಯದಲ್ಲಿದೆ. "ಪ್ರಕೃತಿ", "ಪರಿಸರ" ಎಂದು ಕೊಟ್ಟರೆ ಸೀನರಿ ಬರುತ್ತದೆ. "ಮೆಟ್ರೋ ರೈಲು" ಎಂದರೆ ಹಳ್ಳಿ ಮಗು ಕೈಕಟ್ಟಿ ಕೂರುತ್ತದೆ. "ಮಳೆಯಲ್ಲಿ ಶಾಲೆಗೆ ಬಂದ ದಾರಿ", "ಅಡಿಕೆ ಸುಲಿಯುವ ರಾತ್ರಿ", "ನಮ್ಮೂರ ಸಂತೆ" ಎಂದು ಕೊಡಿ. ಶಿವಮೊಗ್ಗ ಪೇಟೆಯ ಮಕ್ಕಳೂ ಸೇರಿದ್ದರೆ ಅಡಿಕೆ ಬಿಟ್ಟು ಮಳೆ ಇಟ್ಟುಕೊಳ್ಳಿ, ಅದು ಎಲ್ಲರ ಮೇಲೂ ಬೀಳುತ್ತದೆ. ಎರಡು ಮೂರು ವಿಷಯ ಕೊಟ್ಟು, ಬರೆಯುವ ಹೊತ್ತಿಗೆ ಹೇಳಿ. ಎರಡು ಗಂಟೆ ಬಿಡಿ.

ಬಣ್ಣದ ಮಾತು. ಒಬ್ಬರ ಹತ್ತಿರ 48 ಬಣ್ಣದ ಆಯಿಲ್ ಪೇಸ್ಟಲ್, ಇನ್ನೊಬ್ಬರ ಹತ್ತಿರ ತುದಿ ಮುರಿದ ಆರು ಕ್ರೇಯಾನ್. ಸಾಧ್ಯವಾದರೆ ಎಲ್ಲರಿಗೂ ಒಂದೇ ಶೀಟು, ಒಂದೇ 12 ಬಣ್ಣದ ಪೆಟ್ಟಿಗೆ ನೀವೇ ಕೊಡಿ. ಮುಖ್ಯ ಅತಿಥಿಯ ಹಾರ, ಶಾಲು, ನೆನಪಿನ ಕಾಣಿಕೆಯ ದುಡ್ಡನ್ನು ಇದಕ್ಕೆ ತಿರುಗಿಸಬಹುದು. ಮಳೆಗಾಲದಲ್ಲಿ ವಾಟರ್ ಕಲರ್ ಬೇಡ. ಜುಲೈ, ಆಗಸ್ಟಿನಲ್ಲಿ ನಮ್ಮ ಕಡೆ ಹಾಳೆ ಬೇಗ ಒಣಗುವುದಿಲ್ಲ. ಒಂದರ ಮೇಲೊಂದು ಇಟ್ಟ ಚಿತ್ರಗಳು ಅಂಟಿಕೊಂಡು ಹಾಳಾದರೆ ಆ ಮಗುವಿಗೆ ಏನು ಹೇಳುತ್ತೀರಿ?

ಯಾವ ವಿಧಾನವಾದರೂ ಇವು ಬೇಕು

ಹೆಸರು, ಶಾಲೆ, ಊರು ಹಾಳೆಯ ಹಿಂದೆ ಇರಲಿ, ಮೇಲೊಂದು ಕಾಗದ ಅಂಟಿಸಿ ಮುಚ್ಚಿ. ಮುಂದೆ ನಂಬರ್ ಮಾತ್ರ. ನಮ್ಮಂಥ ಸಣ್ಣ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹೆಸರು ಕಂಡ ಕೂಡಲೇ ಯಾರ ಮಗಳು ಎಂದು ತಲೆಗೆ ಬಂದೇ ಬರುತ್ತದೆ, ಬೇಡ ಎಂದರೂ. ಸ್ವಂತ ಕ್ಲಾಸಿನ ಮಕ್ಕಳು ಸ್ಪರ್ಧೆಯಲ್ಲಿದ್ದರೆ ಆ ಮೇಷ್ಟ್ರು ತೀರ್ಪಿಗೆ ಕೂರಬಾರದು. ಅವರಿಗೆ ತಮ್ಮ ಮಕ್ಕಳ ಕೈ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಸಾಗರದವರು ಸೊರಬದಿಂದ, ಭದ್ರಾವತಿಯವರು ಶಿಕಾರಿಪುರದಿಂದ ಕರೆಸಿಕೊಳ್ಳಲಿ.

ಮೂವರಲ್ಲಿ ಒಬ್ಬರು ನಮ್ಮ ನೆಲದ ಕಲೆ ಬಲ್ಲವರಿರಲಿ ಎಂಬುದು ನನ್ನ ಆಸೆ. ಸಾಗರದ ಸುತ್ತಿನ ದೀವರು ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅಜ್ಜಿಯ ಹತ್ತಿರ ಅದನ್ನು ಕಲಿತ ಮಗು ಸ್ಪರ್ಧೆಯ ಹಾಳೆಯಲ್ಲೂ ಆ ಗೆರೆಗಳಲ್ಲೇ ಯೋಚಿಸುತ್ತದೆ. ಅದನ್ನು "ಇದು ಡಿಸೈನ್, ಚಿತ್ರ ಅಲ್ಲ" ಎಂದು ತಳ್ಳಿದ್ದನ್ನು ಕೇಳಿದ್ದೇನೆ. ಚಿತ್ತಾರ ಬರೆಯುವ ಹೆಂಗಸೊಬ್ಬರು ತೀರ್ಪಿಗೆ ಕೂತಿದ್ದರೆ ಆ ಮಾತು ಬರುತ್ತಿರಲಿಲ್ಲ.

ಇನ್ನು ಕ್ರಮ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಯಾರು ಯಾವ ದಿನ ನುಡಿಸಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಅರ್ಥಶಾಸ್ತ್ರಜ್ಞರು ಹಳೆಯ ಫಲಿತಾಂಶಗಳನ್ನು ಹರಡಿ ನೋಡಿದಾಗ ಮೊದಲ ದಿನ ನುಡಿಸಿದವರಿಗೆ ಕೆಳಗಿನ ಸ್ಥಾನ ಸಿಗುವುದು ಜಾಸ್ತಿ ಎಂದು ಕಂಡಿತು. ಪುಣ್ಯಕ್ಕೆ ಚಿತ್ರವನ್ನು ಹಾಡಿನ ಹಾಗೆ ಒಂದಾದ ಮೇಲೊಂದು ನೋಡಬೇಕಿಲ್ಲ. ಕಟ್ಟು ಬಿಚ್ಚಿ ಎಲ್ಲವನ್ನೂ ಹಾಲ್‌ನಲ್ಲಿ ಜಮಖಾನದ ಮೇಲೆ ಹರಡಿ. ಮೂವರೂ ಬೇರೆ ಬೇರೆ ಮೂಲೆಯಿಂದ ಶುರು ಮಾಡಲಿ. ಮತ್ತೆ ಬೆಳಕು! ಹಂಚಿನ ಮಾಡಿನ ಹಳೇ ಶಾಲೆಯಲ್ಲಿ ಮಳೆಯ ಸಂಜೆ ನಾಲ್ಕಕ್ಕೇ ಕತ್ತಲು. ಹಳದಿ ಬಲ್ಬಿನ ಕೆಳಗೆ ಹಳದಿ ಬಣ್ಣ ಬಿಳಿಯಲ್ಲಿ ಕರಗುತ್ತದೆ, ನೀಲಿ ಕಪ್ಪಾಗುತ್ತದೆ. ತೀರ್ಪನ್ನು ಬೆಳಗ್ಗೆ ಹನ್ನೊಂದರಿಂದ ಮೂರರ ಒಳಗೆ, ಕಿಟಕಿ ತೆರೆದು ಮುಗಿಸಿ. ಸಂಜೆಯ ಸಮಾರಂಭಕ್ಕೆ ಅವಸರ ಮಾಡಿ ಕರೆಂಟ್ ಹೋದ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡುವುದು ಮಕ್ಕಳ ಶ್ರಮಕ್ಕೆ ಮಾಡುವ ಅವಮಾನ.

ನಿಮಗೆ ಹೊಂದುವುದು ಯಾವುದು?

ಒಂದೇ ಶಾಲೆ, ಮೂವತ್ತು ನಲವತ್ತು ಮಕ್ಕಳು ಎಂದರೆ ಚಿಕ್ಕವರಿಗೆ ಸ್ಥಾನವಿಲ್ಲದ ಪ್ರದರ್ಶನ, 3-4ಕ್ಕೆ ಮಟ್ಟ, ದೊಡ್ಡವರಿಗೆ ಮೂವರ ಸ್ಥಾನದ ಚೀಟಿ. ಇದಕ್ಕೆ ಒಂದು ಮಧ್ಯಾಹ್ನ ಸಾಕು.

ನೂರಿನ್ನೂರು ಚಿತ್ರ ಬರುವ ಸಂಘದ ಸ್ಪರ್ಧೆಯಾದರೆ ಎರಡು ಸುತ್ತು ಮಾಡಿ. ಚಿತ್ರಕ್ಕೆ ಅರ್ಧ ನಿಮಿಷ ಎಂದರೂ 200 ಚಿತ್ರಕ್ಕೆ ನೂರು ನಿಮಿಷ ಬೇಕು. ಅಷ್ಟು ಹೊತ್ತಾದ ಮೇಲೆ ಕಣ್ಣು ಮಂಕಾಗುತ್ತದೆ. ಮೊದಲ ಸುತ್ತಿನಲ್ಲಿ "ಉಳಿಯಲಿ" ಎಂದು ಮೂವರಲ್ಲಿ ಒಬ್ಬರು ಹೇಳಿದರೂ ಚಿತ್ರ ಉಳಿಯಬೇಕು, ಒಬ್ಬರಿಗೆ ಹತ್ತರ ಮಿತಿ. ಊಟ ಮಾಡಿ ಬಂದು ಎರಡನೇ ಸುತ್ತಿನಲ್ಲಿ ಸ್ಥಾನದ ಚೀಟಿ. ಮೇಲಿನೆರಡು ಎಲ್ಲ ಲೆಕ್ಕದಲ್ಲೂ ಸಮವಾಗಿದ್ದರೆ, ಇಬ್ಬರಿಗೂ ಕೊಡುವ ಮುಂಚೆ ಒಮ್ಮೆ ಜೋಡಿ ಹೋಲಿಕೆ ಮಾಡಿ ನೋಡಿ.

ಮೇಲಿನ ಹಂತಕ್ಕೆ ಒಬ್ಬರನ್ನು ಕಳಿಸಬೇಕಾದ, ಸುತ್ತಿನ ಶಾಲೆಗಳು ಸೇರುವ ಕ್ಲಸ್ಟರ್ ಸ್ಪರ್ಧೆಯಾದರೆ ನಮೂನೆಯ ಅಂಕ ತುಂಬಿ, ಸ್ಥಾನಕ್ಕೆ ಇಳಿಸಿ ಕೂಡಿಸಿ, ಆ ಹಾಳೆಗಳನ್ನು ತಾಲೂಕಿನ ಸ್ಪರ್ಧೆ ಮುಗಿಯುವವರೆಗೆ ಇಟ್ಟುಕೊಳ್ಳಿ.

ಒಬ್ಬರೇ ತೀರ್ಪುಗಾರರು, ಒಂದೇ ಗಂಟೆ ಎಂಬ ಪರಿಸ್ಥಿತಿ ಗುಡ್ಡದ ಮೇಲಿನ ಏಕೋಪಾಧ್ಯಾಯ ಶಾಲೆಯಲ್ಲಿ ಬಂದೇ ಬರುತ್ತದೆ. ಅಲ್ಲಿ ತೀರ್ಪುಗಾರರೂ ಮೇಷ್ಟ್ರೇ, ಮಕ್ಕಳೂ ಅವರವರೇ. ಆಗ ಚಿತ್ರಗಳನ್ನು ಪಕ್ಕದ ಶಾಲೆಯ ಮೇಷ್ಟ್ರಿಗೆ ಕಳಿಸಿ, ಅವರ ಮಕ್ಕಳ ಚಿತ್ರಗಳನ್ನು ನೀವು ನೋಡಿ. ಅದೂ ಆಗದಿದ್ದರೆ ಸ್ಥಾನ ಕೊಡಬೇಡಿ. ಎಲ್ಲವನ್ನೂ ಗೋಡೆಗೆ ಹಚ್ಚಿ ಊರವರನ್ನು ಕರೆಯಿರಿ, ಪ್ರತಿ ಮಗುವೂ ತನ್ನ ಚಿತ್ರದ ಪಕ್ಕ ನಿಂತು ಅದರಲ್ಲಿ ಏನಿದೆ ಎಂದು ಹೇಳಲಿ.